ಕೊನೆಯ ಎರಡು ಸಾಲು

ನಮ್ಮ ಶಾಲೆಯಲ್ಲಿದ್ದ ಕನ್ನಡ ಮೇಡಂ ಅವರ ಶ್ರದ್ಧಾಂಜಲಿ ಸಭೆ ಚಂದ್ರಾ ಲೇಔಟಿನ ಒಂದು ಸಣ್ಣ ಹಾಲಿನಲ್ಲಿ ನಡೆಯಿತು. ಕೊನೆಗೆ ಮಾತಾಡಿದವರು ಅವರನ್ನು ಮೇಣದಬತ್ತಿ ಅಂದರು. ತಾನು ಕರಗಿ ಊರಿಗೆ ಬೆಳಕು ಕೊಟ್ಟ ಜೀವ, ನಾವೆಲ್ಲ ಅವರ ಆದರ್ಶವನ್ನು ಪಾಲಿಸೋಣ ಎಂದು ಮುಗಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಅವರು ಬದುಕಿದ್ದರೆ ಏನನ್ನುತ್ತಿದ್ದರು ಎಂದು ಹೊಳೆಯಿತು: "ಮೇಣದಬತ್ತಿ ನೆನಪಾಗೋದು ಕರೆಂಟ್ ಹೋದಾಗ ಮಾತ್ರ." ಆದರೆ ಈ ಮಾತನ್ನು ಅವರು ಎಂದೂ ಆಡಲಿಲ್ಲ. ನಾನು ಈಗ ಕಟ್ಟಿದ್ದು. ಸತ್ತವರ ಬಾಯಲ್ಲಿ ಒಳ್ಳೆಯ ಮಾತುಗಳನ್ನು ತುರುಕುವುದು ಬಹಳ ಸುಲಭ, ತಿದ್ದಲು ಅವರು ಎದ್ದು ಬರುವುದಿಲ್ಲ. ಅದಕ್ಕೇ ಇಲ್ಲಿ ನನಗೆ ಖಾತ್ರಿಯಿರುವುದನ್ನು ಖಾತ್ರಿ ಎಂದೂ, ಇಲ್ಲದ್ದನ್ನು ಇಲ್ಲ ಎಂದೂ ಹೇಳುತ್ತಾ ಹೋಗುತ್ತೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಮುಂದೆ ಹುಟ್ಟಿದ ಊರು ಬರೆಯಬೇಕು, ತಂದೆ ತಾಯಿ ಬರೆಯಬೇಕು, ನನಗೆ ಅವು ಯಾವುವೂ ಗೊತ್ತಿಲ್ಲ. ಮದುವೆಯಾಗಿದ್ದರೋ ಇಲ್ಲವೋ ಅದೂ ಗೊತ್ತಿಲ್ಲ. ಸ್ಟಾಫ್ ರೂಮಿನಲ್ಲಿ ಈ ಬಗ್ಗೆ ಮೂರು ಕಥೆಗಳಿದ್ದವು. ಮೂರನ್ನೂ ಅವರು ಒಪ್ಪಿಕೊಂಡಿದ್ದರು.

ಖಾತ್ರಿಯಿರುವುದು ಇಷ್ಟು. ತುರ್ತು ಪರಿಸ್ಥಿತಿಯ ಕಾಲ. ರಾಜಾಜಿನಗರದಲ್ಲಿ ಒಂದು ಖಾಸಗಿ ಕನ್ನಡ ಶಾಲೆ, ಶೀಟಿನ ಮಾಡು, ಕಾರ್ಖಾನೆಯ ಸೈರನ್ನು ಕೇಳುವಷ್ಟು ಹತ್ತಿರ. ಸೈರನ್ನು ಕೂಗಿದಾಗ ಮಕ್ಕಳು ತಲೆಯೆತ್ತದೆ "ಅಪ್ಪಂದು ಬಿಡ್ತು" ಅನ್ನುತ್ತಿದ್ದರು. ನಾನು ಲೆಕ್ಕದ ಮೇಷ್ಟ್ರಾಗಿ ಸೇರಿದಾಗ ಅವರು ಅಲ್ಲಿ ಕನ್ನಡ ಕಲಿಸುತ್ತಿದ್ದರು. ಟೆಂಪರವರಿ. ವರ್ಷಾ ವರ್ಷಾ ಆಡಳಿತ ಮಂಡಳಿ ಒಂದು ಕಾಗದ ಕೊಟ್ಟು ಮುಂದುವರಿಸುತ್ತಿತ್ತು. ವಯಸ್ಸು ನಲವತ್ತರ ಆಚೆ ಈಚೆ. ಎತ್ತರ, ಸ್ವಲ್ಪ ಬಾಗಿದ ಭುಜ, ಕಿವಿಯ ಹಿಂದೆ ಸೀಮೆಸುಣ್ಣದ ಚೂರು. ಊಟದ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು ನಿಂತೇ ಉಣ್ಣುತ್ತಿದ್ದರು. ಕೂತುಕೊಳ್ಳಿ ಮೇಡಂ ಅಂದರೆ, ಕೂತರೆ ನಿಮ್ಮ ಮಾತು ಕೇಳಬೇಕಾಗತ್ತೆ ಅನ್ನುತ್ತಿದ್ದರು.

ನಾನು ಆಗ ಪದ್ಯ ಬರೆಯುತ್ತಿದ್ದೆ. ಸಣ್ಣ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಅವುಗಳಲ್ಲಿ ಬಿರುಕು, ಶೂನ್ಯ, ಕೊಳೆತ ಹೆಣ ಎಲ್ಲ ಇರುತ್ತಿದ್ದವು. ಮಕ್ಕಳ ಪದ್ಯ ಅಂದರೆ ನನಗೆ ಅಸಡ್ಡೆ. ಒಮ್ಮೆ ನನ್ನದೊಂದನ್ನು ಅವರಿಗೆ ಓದಲು ಕೊಟ್ಟೆ. ಮಧ್ಯಾಹ್ನದ ಬಿಡುವಿನಲ್ಲಿ, ಅನ್ನದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಎರಡು ಸಲ ಓದಿದರು. ಮೊಸರು ತಾಕದಂತೆ ಮಡಿಸಿ ವಾಪಸು ಕೊಟ್ಟರು.

"ಸಾವು ತುಂಬಾ ಇದೆ ಮೇಷ್ಟ್ರೇ," ಅಂದರು. "ಸತ್ತವರು ಯಾರೂ ಇಲ್ಲ."

ಈ ಮಾತು ಖಾತ್ರಿ. ಯಾಕೆಂದರೆ ಎರಡು ವಾರ ಅವರೊಂದಿಗೆ ನಾನು ಮಾತು ಬಿಟ್ಟಿದ್ದೆ.

ಅವರ ಪದ್ಯದ ತರಗತಿ ಶನಿವಾರ, ಕೊನೆಯ ಪೀರಿಯಡ್ಡು. ಐದನೇ ಕ್ಲಾಸು. ಪಕ್ಕದ ಕೋಣೆಯಲ್ಲಿ ನಾನಿರುತ್ತಿದ್ದೆ, ನಡುವೆ ಬಿದಿರಿನ ತಟ್ಟಿ ಮಾತ್ರ. ಚಂದ್ರನನ್ನು ಬಿಟ್ಟುಬಿಡಿ, ಆತನ ಬಗ್ಗೆ ದೊಡ್ಡವರು ಬರೆದಿದ್ದಾರೆ ಅನ್ನುವುದು ಕೇಳಿಸುತ್ತಿತ್ತು. ನಿಮ್ಮ ವಠಾರದ ನಲ್ಲಿ ಬಗ್ಗೆ ಬರೀರಿ, ನಿಮಗೆ ಯಾವುದರ ಭಯ ಬರೀರಿ, ನಿನ್ನೆ ಯಾಕೆ ಹೊಡೆತ ತಿಂದ್ರಿ ಬರೀರಿ. ಐದನೇ ಕ್ಲಾಸಿನ ಮಕ್ಕಳಿಗೆ ಅವರು ಬಹುವಚನ ಹಾಕುತ್ತಿದ್ದರು. ಒಬ್ಬಳು ಹುಡುಗಿ ಆದರೂ ಚಂದ್ರನ ಬಗ್ಗೆಯೇ ಬರೆದಳು, ನಿಜವಾಗಿ ಚಂದ್ರನನ್ನು ನೋಡಿ ಬರೆದದ್ದು. ಅವರು ಅದನ್ನು ಇಡೀ ಕ್ಲಾಸಿಗೆ ಓದಿ ನಗಿಸಿದರು. ಮುಂದಿನ ಶನಿವಾರ ಅದೇ ಕ್ಲಾಸಿನ ಮುಂದೆ ನಿಂತು ನನ್ನದು ತಪ್ಪಾಯ್ತು ಅಂದರು. ಆ ಹುಡುಗಿ ಮತ್ತೆ ಬರೆಯಲಿಲ್ಲ. ಮೇಣದಬತ್ತಿಯವರಿಗೆ ಇದನ್ನು ಹೇಳಬೇಕಿತ್ತು.

ಅವರ ಒಂದು ಪದ್ಧತಿ ಶಾಲೆಗೆಲ್ಲ ಗೊತ್ತಿತ್ತು. ಮಕ್ಕಳು ಏನೇ ಬರೆಯಲಿ, ನಲ್ಲಿಯ ಬಗ್ಗೆಯೋ ನಾಯಿಯ ಬಗ್ಗೆಯೋ, ಕೊನೆಗೆ ಎರಡು ಸಾಲು ನೀತಿ ಸೇರಿಸುತ್ತಿದ್ದರು. ಆದ್ದರಿಂದ ನಾವು ನೀರನ್ನು ಪೋಲು ಮಾಡಬಾರದು. ಆದ್ದರಿಂದ ನಾವು ಹಿರಿಯರ ಮಾತು ಕೇಳಬೇಕು. ಬರೆದು ಮುಗಿಸಿದ ಮೇಲೆ ಅವರು ಹಾಳೆಯ ಬುಡವನ್ನು ಮಡಿಸಲು ಹೇಳುತ್ತಿದ್ದರು. ಮಡಿಕೆಯ ಮೇಲೆ ಉಗುರು ಎಳೀರಿ. ಈಗ ಹರೀರಿ. ಮೂವತ್ತೈದು ಹಾಳೆಗಳು ಒಟ್ಟಿಗೆ ಹರಿಯುವ ಸದ್ದು ತಟ್ಟಿಯ ಈಚೆಗೆ ನನ್ನ ಭಿನ್ನರಾಶಿಗಳ ಮೇಲೆ ಬೀಳುತ್ತಿತ್ತು. ನನ್ನ ಮಕ್ಕಳು ಹೊಟ್ಟೆಕಿಚ್ಚಿನಿಂದ ಆ ಕಡೆ ನೋಡುತ್ತಿದ್ದರು.

ನೀತಿಯ ಮೇಲೆ ಯಾಕಿಷ್ಟು ಸಿಟ್ಟು ಅಂತ ಕೇಳಿದ್ದೆ.

"ಸಿಟ್ಟಿಲ್ಲ. ಆ ಎರಡು ಸಾಲು ಅವರು ನಮಗೋಸ್ಕರ ಬರೆಯೋದು, ನಾವು ಬಯ್ಯದೇ ಇರ್ಲಿ ಅಂತ. ತಮಗೋಸ್ಕರ ಬರ್ದಿದ್ದು ಅದಕ್ಕೂ ಮೇಲಿರತ್ತೆ. ಬೇಕಾದ್ರೆ ನೋಡಿ."

ನೋಡಿದೆ. ಬಹುಪಾಲು ಹಾಗೇ ಇತ್ತು.

ಬರೆಸುವ ಮೊದಲು ಕಥೆ ಓದುತ್ತಿದ್ದರು. ಬಾಡಿಗೆ ಲೈಬ್ರರಿಯಿಂದ ತಂದ, ರಟ್ಟು ಹೋದ ಮಕ್ಕಳ ಪುಸ್ತಕಗಳು. ಒಂದು ದಿನ ಮಾತು ಕೇಳದ ಇಲಿಮರಿಯ ಕಥೆ. ಮರಿ ಬಿಲದಿಂದ ಹೊರಗೆ ಹೋಯಿತು, ಬೆಕ್ಕಿನ ಬಾಯಿಗೆ ಸಿಕ್ಕಿತು, ನೀತಿ ಏನೆಂದರೆ ಮಾತು ಕೇಳಬೇಕು. ಆ ಕೊನೆಯನ್ನು ಅವರು ಓದಲಿಲ್ಲ, ಪುಸ್ತಕ ಮುಚ್ಚಿದರು. ಆಗ ಸರೋಜ ಎಂಬ ಹುಡುಗಿ ಎದ್ದು ನಿಂತಳು. ಅವಳು ಎದ್ದು ನಿಂತದ್ದನ್ನು ನಾನು ತಟ್ಟಿಯ ಸಂದಿನಲ್ಲಿ ಕಂಡೆ ಎಂದೇ ನನ್ನ ನೆನಪು. ತಟ್ಟಿಯಲ್ಲಿ ಅಂಥ ಸಂದು ಇತ್ತೋ ಇಲ್ಲವೋ ಹೇಳಲಾರೆ.

"ಮಿಸ್, ಅದರ ಅಮ್ಮ ಎಲ್ಲಿತ್ತು?"

ಕ್ಲಾಸು ನಕ್ಕಿತು. ಅವರು ನಗಲಿಲ್ಲ. ಬರೆದವರಿಗೆ ಈ ಪ್ರಶ್ನೆ ಹೊಳೆದಿಲ್ಲ, ನಿಮಗೆ ಹೊಳೆದಿದೆ, ನೀವೇ ಬರೀರಿ ಅಂದರು.

ಸರೋಜಳ ತಾಯಿ ಮೂರು ತಿಂಗಳ ಹಿಂದೆ ಹೆರಿಗೆಗೆಂದು ಆಸ್ಪತ್ರೆಗೆ ಹೋಗಿದ್ದರು. ಅವರೂ ಬರಲಿಲ್ಲ, ಮಗುವೂ ಬರಲಿಲ್ಲ. ತಂದೆ ಕಾರ್ಖಾನೆಯಲ್ಲಿ ಫಿಟ್ಟರು. ಮನೆಯಲ್ಲಿ ಅಜ್ಜಿ. ಎರಡನೇ ಕ್ಲಾಸಿನಲ್ಲಿದ್ದ ತಂಗಿ ಲೀಲಾಗೆ ಅಜ್ಜಿ, ಅಮ್ಮ ಮಾಗಡಿ ಹತ್ತಿರದ ತವರಿಗೆ ಹೋಗಿದ್ದಾಳೆ, ಪಾಪು ಎತ್ಕೊಂಡು ಬಸ್ಸಲ್ಲಿ ಬರ್ತಾಳೆ ಎಂದು ಹೇಳಿಬಿಟ್ಟಿದ್ದರು. ಆ ಒಂದು ದಿನಕ್ಕೆಂದು ಹೇಳಿದ್ದು ಮೂರು ತಿಂಗಳಾದರೂ ತೆಗೆಯಲಾಗದೆ ಉಳಿದಿತ್ತು. ಸರೋಜಳಿಗೆ ನಿಜ ಗೊತ್ತಿತ್ತು. ಯಾರೂ ಹೇಳಿರಲಿಲ್ಲ, ಆದರೂ ಗೊತ್ತಿತ್ತು.

ಅವಳು ಬರೆದದ್ದು ಇದು. ಪದ ಪದವೂ ಖಾತ್ರಿ, ಯಾಕೆಂದರೆ ಪುಸ್ತಿಕೆ ನನ್ನ ಮುಂದಿದೆ.

ಅಮ್ಮನ ಬಾಚಣಿಗೆಯಲ್ಲಿ
ಅಮ್ಮನ ಕೂದಲು ಇದೆ.
ಅಪ್ಪ ಅದನ್ನು ತೆಗೆಯಲಿಲ್ಲ.
ನಾನೂ ತೆಗೆಯಲಿಲ್ಲ.
ತಂಗಿಯ ತಲೆ ನಾನು ಬಾಚುತ್ತೇನೆ.
ನನ್ನ ತಲೆಯೂ ನಾನೇ ಬಾಚುತ್ತೇನೆ.
ಬೈತಲೆ ಸೊಟ್ಟ ಬರುತ್ತದೆ.

ಇದರ ಕೆಳಗೆ ಆದ್ದರಿಂದ ನಾವು ದೇವರನ್ನು ನಂಬಬೇಕು ಎಂದೇನೋ ಇತ್ತಂತೆ. ಸರೋಜ ತಾನೇ ಮಡಿಸಿ, ಉಗುರು ಎಳೆದು, ಹರಿದಳು. ಆ ಹಾಳೆಯನ್ನು ಅವರು ಸ್ಟಾಫ್ ರೂಮಿಗೆ ತಂದು ನನ್ನ ಮುಂದಿಟ್ಟು, ಕಿಟಕಿಯ ಹತ್ತಿರ ಹೋಗಿ ಡಬ್ಬಿ ಬಿಚ್ಚಿದರು. ಆ ದಿನ ನಾನು ನನ್ನ ಶೂನ್ಯದ ಪದ್ಯಗಳನ್ನು ಸುಟ್ಟುಹಾಕಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಸುಡಲಿಲ್ಲ. ಇನ್ನೂ ಮೂರು ವರ್ಷ ಅಂಥವನ್ನೇ ಬರೆದೆ.

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಪದ್ಯಗಳ ಒಂದು ಪುಸ್ತಿಕೆ ತರಬೇಕೆಂದು ಅವರು ಹಟ ಹಿಡಿದರು. ಆಡಳಿತ ಮಂಡಳಿಯ ಕಾರ್ಯದರ್ಶಿ ಒಪ್ಪಿದರು, ಮುಖ್ಯ ಅತಿಥಿಯಾಗಿ ಬರುವ ಶಿಕ್ಷಣಾಧಿಕಾರಿಗೆ ತೋರಿಸಲು ಏನಾದರೂ ಬೇಕಿತ್ತು. ಇಪ್ಪತ್ತು ಪದ್ಯ, ಪುಟಕ್ಕೊಂದು. ಮಾಗಡಿ ರಸ್ತೆಯ ಒಂದು ಗಲ್ಲಿಯಲ್ಲಿ ನಂಜಪ್ಪ ಎಂಬುವರ ಅಚ್ಚಿನ ಮನೆಯಿತ್ತು. ಕಾಲಿನಲ್ಲಿ ತುಳಿಯುವ ಒಂದು ಮಷೀನು, ಸೀಸದ ಅಕ್ಷರದ ಮೊಳೆಗಳ ಗೂಡುಗಳು, ಎಡಗೋಡೆಗೆ ಹಳೆಯ ಕಟಿಂಗ್ ಮಷೀನು. ಮಾಲೀಕರೂ ಅವರೇ, ಮೊಳೆ ಜೋಡಿಸುವವರೂ ಅವರೇ. ಮದುವೆ ಕಾಗದ, ವೈಕುಂಠ ಸಮಾರಾಧನೆಯ ಕಾರ್ಡು ಮಾಡಿ ಮಾಡಿ ಅವರ ಕೈ ಪ್ರಾಸಕ್ಕೆ ಬಿದ್ದಿತ್ತು. ಗಂಡಿನ ಹೆಸರು ಹೆಣ್ಣಿನ ಹೆಸರು ಕೊಟ್ಟರೆ ಎರಡು ಸಾಲು ಶುಭಾಶಯ ಬಿಟ್ಟಿಯಾಗಿ ಸೇರಿಸಿಕೊಡುತ್ತಿದ್ದರು. ಜನಕ್ಕೆ ಅದು ಇಷ್ಟವಾಗುತ್ತಿತ್ತು.

ಬುಡ ಹರಿದ ಇಪ್ಪತ್ತು ಹಾಳೆಗಳನ್ನು ನೋಡಿ ನಂಜಪ್ಪನವರು ಗಾಬರಿಯಾದರು. ತರುವಾಗ ಎಲ್ಲೋ ಹರಿದುಹೋಗಿದೆ, ಕೊನೆಯ ಸಾಲುಗಳು ಬಿದ್ದುಹೋಗಿವೆ ಅಂದುಕೊಂಡರು. ಪಾಪ ಮಕ್ಕಳ ಪದ್ಯ ಮೊಂಡಾಗಬಾರದು ಎಂದು ಇಪ್ಪತ್ತಕ್ಕೂ ತಾವೇ ಎರಡೆರಡು ಸಾಲು ಕಟ್ಟಿದರು. ಪುಟದ ಕೆಳಗೆ ಒಂದು ಹೂವಿನ ಬ್ಲಾಕು, ಅದರ ಕೆಳಗೆ ನೀತಿ. ಎಲ್ಲ ಪುಟದಲ್ಲೂ ಅಳತೆ ಹಿಡಿದಂತೆ ಒಂದೇ ಜಾಗ. ಅಮ್ಮ ಮನೆಯಲ್ಲಿಲ್ಲ, ಕೂದಲು ಬಾಚಣಿಗೆಯಲ್ಲಿದೆ ಅಂದರೆ ಇನ್ನೆಲ್ಲಿ ಹೋಗಿರುತ್ತಾಳೆ ಎಂಬುದು ನಂಜಪ್ಪನವರ ಲೆಕ್ಕ. ಸರೋಜಳ ಪುಟದ ಹೂವಿನ ಕೆಳಗೆ ಅವರು ಜೋಡಿಸಿದ್ದು ಇದು:

ಅಳದೆ ಓದುತ ಜಾಣೆಯಾದರೆ
ತವರಿನಿಂದ ಅಮ್ಮ ಬರುವಳು.

ಈ ಭಾಗವನ್ನು ನಾನು ಹಲವು ಸಲ, ಹಲವರಿಗೆ ಹೇಳಿದ್ದೇನೆ. ಇಲ್ಲಿಗೆ ಬಂದಾಗ ಜನ ನಗುತ್ತಾರೆ, ನಂಜಪ್ಪನವರ ಪೆದ್ದುತನಕ್ಕೆ. ನಾನೂ ನಗುತ್ತೇನೆ. ಹೇಳುವಾಗ ಪ್ರತಿ ಸಲವೂ ಒಂದನ್ನು ಬಿಟ್ಟಿದ್ದೇನೆ. ಆ ಹಾಳೆಗಳನ್ನು ಅಚ್ಚಿನ ಮನೆಗೆ ಒಯ್ದವನು ನಾನು. ನಂಜಪ್ಪನವರು ನನ್ನನ್ನು ಕೇಳಿದರು: "ಸಾರ್, ಕೆಳಗಡೆ ಹರ್ದೋಗಿದೆಯಲ್ಲ, ಏನ್ಮಾಡ್ಲಿ?" ನನಗೆ ಬಸ್ಸಿಗೆ ಹೊತ್ತಾಗಿತ್ತು, ಸಂಜೆ ಕವಿಗೋಷ್ಠಿಯಿತ್ತು. "ಏನಾದ್ರೂ ಮಾಡಿ ನಂಜಪ್ಪನೋರೇ, ನೀಟಾಗಿ ಬರ್ಲಿ," ಅಂದೆ. ಪ್ರೂಫು ತಿದ್ದುವ ಕೆಲಸವನ್ನೂ ಮೇಡಂ ನನ್ನ ಮೇಲೆ ನಂಬಿಕೆಯಿಟ್ಟು ಕೊಟ್ಟಿದ್ದರು, ಅಚ್ಚು ಕಂಡವನು ಎಂದು. ಪುಸ್ತಿಕೆಗೆ ಒಂದು ಮುನ್ನುಡಿಯಿತ್ತು, ನನ್ನದು. ಅದನ್ನು ನಾಲ್ಕು ಸಲ ತಿದ್ದಿದೆ. ಮಿಕ್ಕ ಪುಟಗಳಿಗೆ ಸುಮ್ಮನೆ ಸಹಿ ಹಾಕಿದೆ.

ಶುಕ್ರವಾರ ಕಟ್ಟುಗಳು ಬಂದವು. ಅಂದು ಮೇಡಂಗೆ ಜ್ವರ, ರಜೆ ಹಾಕಿದ್ದರು. ಕಾರ್ಯದರ್ಶಿ ಒಂದು ಪ್ರತಿಯನ್ನು ಶಿಕ್ಷಣಾಧಿಕಾರಿಗೆ ಕಳಿಸಿದರು. ಬರೆದ ಇಪ್ಪತ್ತು ಮಕ್ಕಳಿಗೆ, ಭಾನುವಾರ ವೇದಿಕೆಯ ಮೇಲೆ ಓದಬೇಕು, ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಿ ಎಂದು, ಒಂದೊಂದು ಪ್ರತಿ ಕೊಟ್ಟರು.

ಶನಿವಾರ ಬೆಳಿಗ್ಗೆ ಸರೋಜ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಅವರು ಆಗ ತಾನೆ ಬಂದು ಕೊಡೆ ಮೂಲೆಗಿಡುತ್ತಿದ್ದರು. ಹುಡುಗಿ ಅಳಲಿಲ್ಲ. ಹೇಳಬೇಕಾದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಲೀಲಾ ಈಗ ತಾನೆ ಅಕ್ಷರ ಕೂಡಿಸಿ ಓದುತ್ತಾಳೆ. ನಿನ್ನೆ ಸಂಜೆ ಬೆರಳಿಟ್ಟುಕೊಂಡು ಪುಸ್ತಿಕೆ ಓದಿದಳು. ಕೊನೆಯ ಸಾಲು ಓದಿ, ನೋಡು, ಬರ್ತಾಳೆ ಅಂತ ಅಚ್ಚು ಹಾಕಿದಾರೆ ಅಂದಳು. ಇವತ್ತು ಬೆಳಿಗ್ಗೆ ಎದ್ದವಳೇ ಮಾಗಡಿ ರಸ್ತೆಯ ಬಸ್ ಸ್ಟಾಪಿಗೆ ಹೋಗಿ ಕೂತಿದ್ದಾಳೆ. ಕರೆದರೆ ಬರುತ್ತಿಲ್ಲ. ಅಜ್ಜಿ ಜೊತೆಗೆ ಕೂತಿದ್ದಾರೆ.

"ಮಿಸ್, ನೀವು ಹರೀರಿ ಅಂದ್ರಿ, ಹರಿದೆ," ಅಂದಳು. "ಮತ್ತೆ ಯಾರು ಹಾಕಿದ್ದು?"

ಅವರು ಪುಸ್ತಿಕೆ ತೆಗೆದುಕೊಂಡು ಒಂದೊಂದೇ ಪುಟ ತಿರುಗಿಸಿದರು. ಕೊನೆಯ ಪುಟದವರೆಗೆ. ಆಮೇಲೆ ನನ್ನ ಮುಖ ನೋಡಿದರು. ನಾನು ನಂಜಪ್ಪನವರ ಹೆಸರು ಹೇಳಿದೆ. ಆ ನೋಟವನ್ನು ಬಣ್ಣಿಸುವುದಿಲ್ಲ. ಅವರು ಸರೋಜಳ ಕಡೆ ತಿರುಗಿ, ಹಾಕಿದ್ದು ದೊಡ್ಡವರು, ನಿಮ್ಮ ತಪ್ಪಿಲ್ಲ, ಸಂಜೆ ಮನೆಗೆ ಬರ್ತೀನಿ ಅಂದರು.

ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಮುನ್ನೂರು ಪುಸ್ತಿಕೆಗಳನ್ನು ಎರಡು ಸೈಕಲ್ ರಿಕ್ಷಾ ಅಷ್ಟು... ನೋಡಿ, ಇಲ್ಲೇ ನನ್ನ ನೆನಪು ಕೆಡುವುದು. ರಾಜಾಜಿನಗರದಲ್ಲಿ ಆಗ ಸೈಕಲ್ ರಿಕ್ಷಾ ಎಲ್ಲಿತ್ತು? ಕೈಯಲ್ಲಿ ಹೊತ್ತೆವು. ಒಂದು ಕಟ್ಟು ಅವರು, ಎರಡು ಕಟ್ಟು ನಾನು, ಜ್ವರ ಬಿಟ್ಟು ಒಂದು ದಿನವೂ ಆಗಿರದ ಹೆಂಗಸು ನನಗಿಂತ ಮುಂದೆ ನಡೆಯುತ್ತಿದ್ದರು. ಬಹಳ ವರ್ಷ ಈ ಕಥೆಯಲ್ಲಿ ನಾನು ಅವರ ಕೈಗೆ ಕತ್ತರಿ ಕೊಟ್ಟಿದ್ದೆ. ನೆಲದ ಮೇಲೆ ಕೂತು ಒಂದೊಂದೇ ಪುಟ ಕತ್ತರಿಸಿದರು ಎಂದು. ಕೇಳಲು ಅದು ಚೆನ್ನ. ನಡೆದದ್ದು ಬೇರೆ.

ನಂಜಪ್ಪನವರು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಚೆನ್ನಾಗಿ ಬಂದಿದೆಯಲ್ಲಮ್ಮ ಎಂದು ಮುಖ ಅರಳಿಸಿದರು. ಮೇಡಂ ಕಟ್ಟನ್ನು ಕಟಿಂಗ್ ಮಷೀನಿನ ಮೇಲಿಟ್ಟರು. ಹೂವಿನ ಕೆಳಗಿಂದ ಕತ್ತರಿಸಿ ಕೊಡಿ ಅಂದರು.

"ಯಾಕಮ್ಮಾ? ಒಳ್ಳೇದಾಗ್ಲಿ ಅಂತ ಸೇರ್ಸಿದ್ದು. ಸಾರ್ ನೀಟಾಗಿ ಮಾಡಿ ಅಂದ್ರು."

ಮೇಡಂ ನನ್ನ ಕಡೆ ತಿರುಗಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ಸರೋಜಳ ಪುಟ ತೆಗೆದು ನಂಜಪ್ಪನವರ ಮುಂದೆ ಹಿಡಿದರು. ಈ ಮಗುವಿನ ತಾಯಿ ತೀರಿಕೊಂಡು ನಾಲ್ಕು ತಿಂಗಳಾಯ್ತು, ಚಿಕ್ಕ ಮಗು ನೀವು ಜೋಡಿಸಿದ್ದನ್ನ ಓದಿ ಬೆಳಿಗ್ಗೆಯಿಂದ ಬಸ್ ಸ್ಟಾಪಲ್ಲಿ ಕೂತಿದೆ ಎಂದು ಮೆಲ್ಲಗೆ ಹೇಳಿದರು. ಬಯ್ಯುವ ದನಿ ಇರಲಿಲ್ಲ.

ನಂಜಪ್ಪನವರು ಎದ್ದುಹೋಗಿ ಬಾಯಿ ಮುಕ್ಕಳಿಸಿ ಬಂದರು. ಅಂಗಿಯ ತೋಳು ಮಡಚಿದರು. ಹತ್ತು ಹತ್ತು ಪುಸ್ತಿಕೆ ಜೋಡಿಸಿ, ಹೂವಿನ ಕೆಳಗೆ ಗೆರೆ ಹಿಡಿದು, ಚಕ್ರ ತಿರುಗಿಸಿದರು. ಅವರ ಅಳತೆ ಅಷ್ಟು ನೇರವಾಗಿದ್ದರಿಂದ ಒಂದೇ ಏಟಿಗೆ ಇಪ್ಪತ್ತು ನೀತಿಗಳೂ ಪುಟಸಂಖ್ಯೆಗಳೂ ಕೆಳಗೆ ಬಿದ್ದವು. ನಡುವೆ ಒಮ್ಮೆ ನಿಲ್ಲಿಸಿ ಕೇಳಿದರು:

"ಹೂವಾ?"

"ಹೂವು ಇರ್ಲಿ ನಂಜಪ್ಪನೋರೇ. ಅದು ಸುಳ್ಳು ಹೇಳಿಲ್ಲ."

ಕೆಲಸ ಮುಗಿದಾಗ ಪುಸ್ತಿಕೆ ಹೆಚ್ಚುಕಮ್ಮಿ ಚೌಕವಾಗಿತ್ತು. ನೆಲದ ಮೇಲೆ ಪಟ್ಟಿಗಳ ರಾಶಿ. ನಾನು ಒಂದು ಹಿಡಿ ಎತ್ತಿಕೊಂಡೆ ಅನ್ನಿಸುತ್ತದೆ, ಆದರೆ ನನ್ನ ಹತ್ತಿರ ಈಗ ಒಂದೂ ಇಲ್ಲ.

ಭಾನುವಾರ, ವಾರ್ಷಿಕೋತ್ಸವದ ಬೆಳಿಗ್ಗೆ, ಕಾರ್ಯದರ್ಶಿ ಕಟ್ಟು ಬಿಚ್ಚಿದರು. ಒಳ್ಳೆಯ ಮನುಷ್ಯ, ಪುಕ್ಕಲು. ಆ ಕಾಲದಲ್ಲಿ ಪುಕ್ಕಲಾಗಿರುವುದಕ್ಕೆ ಕಾರಣಗಳೂ ಇದ್ದವು, ಪೇಪರಿನವರು ಕೂಡ ಸರ್ಕಾರದವರನ್ನು ಕೇಳಿ ಅಚ್ಚು ಹಾಕುತ್ತಿದ್ದರು. ಶಾಮಿಯಾನದ ಕಂಬದ ಹತ್ತಿರ ಮೇಡಂ ಅವರನ್ನು ತಡೆದು, ದನಿ ತಗ್ಗಿಸಿದರು.

"ಮೇಡಂ, ಅಚ್ಚಾಗಿದ್ದನ್ನ ಯಾರಾದ್ರೂ ಕತ್ತರಿಸ್ತಾರಾ? ಅದೂ ಈ ಟೈಮಲ್ಲಿ? ಸಾಹೇಬರ ಹತ್ರ ಉದ್ದದ್ದು ಇದೆ, ಜನರ ಕೈಲಿ ಗಿಡ್ಡದ್ದು. ಅಲ್ಲೇನಿತ್ತು ಅಂತ ಯಾರಾದ್ರೂ ಕೇಳಿದ್ರೆ ನಾನೇನ್ ಹೇಳ್ಲಿ?"

"ನೀತಿ ಇತ್ತು ಅಂತ ಹೇಳಿ."

"ತಮಾಷೆ ಅಲ್ಲ ಮೇಡಂ. ನಿಮ್ಮ ಆರ್ಡರ್ ಮಾರ್ಚಿಗೆ ಮುಗಿಯತ್ತೆ, ನೆನಪಿರ್ಲಿ."

"ನನಗೆ ನೆನಪಿದೆ. ನಿಮಗೂ ಇದೆ ಅಂತ ಗೊತ್ತಾಯ್ತಲ್ಲ."

ಮಕ್ಕಳು ಉದ್ದದ್ದನ್ನೇ ಓದಲಿ, ಸಾಹೇಬರಿಗೆ ಆ ಸಾಲುಗಳು ಮೆಚ್ಚುಗೆಯಾಗಿವೆ ಎಂದು ಕಾರ್ಯದರ್ಶಿ ಹೇಳಿಕಳಿಸಿದರು. ಇಪ್ಪತ್ತು ಮಕ್ಕಳನ್ನು ಮೇಡಂ ಪರದೆಯ ಹಿಂದೆ ಕೂಡಿಸಿಕೊಂಡು ಹೇಳಿದ್ದನ್ನು ನಾನು ಕೇಳಿದೆ. ಕೆಳಗಿನ ಎರಡು ಸಾಲು ನಿಮ್ಮದಲ್ಲ. ಓದಬೇಕು ಅನ್ನಿಸಿದವರು ಓದಿ, ಬೇಡ ಅನ್ನಿಸಿದವರು ಬಿಡಿ, ನಾನು ಯಾರನ್ನೂ ಬಯ್ಯಲ್ಲ. ಹನ್ನೊಂದು ಮಕ್ಕಳು ಓದಿದರು. ನನ್ನ ಹಳೆಯ ಆವೃತ್ತಿಯಲ್ಲಿ ಯಾರೂ ಓದುತ್ತಿರಲಿಲ್ಲ.

ಸರೋಜಳ ಸರದಿ ಬಂತು. ಲಂಗ ರವಿಕೆ, ಎರಡು ಜಡೆ, ಸೊಟ್ಟ ಬೈತಲೆ. ತಂದೆ ಮೂರನೇ ಸಾಲಿನಲ್ಲಿ, ಲೀಲಾ ಅವರ ತೊಡೆಯ ಮೇಲೆ. ಏಳು ಸಾಲು ಓದಿ ಕೈ ಮುಗಿದಳು. ಶಿಕ್ಷಣಾಧಿಕಾರಿಗಳು ತಮ್ಮ ಕೈಯಲ್ಲಿದ್ದ ಉದ್ದದ ಪುಸ್ತಿಕೆ ನೋಡಿ, ಮಗು ಮರೆತಿದೆ ಅಂದುಕೊಂಡರು. ಮುಂದೆ ಬಾಗಿ, ಬಹಳ ಅಕ್ಕರೆಯಿಂದ, ಮೈಕಿನಲ್ಲೇ ಹೇಳಿದರು.

"ಇನ್ನೂ ಎರಡು ಸಾಲು ಇದೆಯಲ್ಲಮ್ಮ."

"ಇಲ್ಲ ಸಾರ್," ಅಂದಳು ಸರೋಜ. "ಮುಗೀತು."

"ಇಲ್ಲಿ ಇದೆ ನೋಡು ಪುಟ್ಟಿ. ಅಳದೆ ಓದುತ..."

"ಅದು ನಮ್ಮಮ್ಮ ಅಲ್ಲ ಸಾರ್."

ಅಧಿಕಾರಿಗಳು ಪುಸ್ತಿಕೆ ನೋಡಿದರು, ಹುಡುಗಿಯನ್ನು ನೋಡಿದರು, ಏನು ತಿಳಿಯಿತೋ, ಪುಸ್ತಿಕೆ ಮುಚ್ಚಿದರು. ಪರದೆಯ ಪಕ್ಕ ನಿಂತಿದ್ದ ಮೇಡಂ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ, ಹುಡುಗಿಯ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಕೈ ಕಟ್ಟಿಕೊಂಡು ನಿಂತಿದ್ದರು. ಅವರು ಮಾಡಬೇಕಾದದ್ದನ್ನು ಶನಿವಾರಗಳಲ್ಲೇ ಮಾಡಿ ಮುಗಿಸಿದ್ದರು.

ಎರಡು ದಿನದ ಮೇಲೆ ಲಿಖಿತ ವಿವರಣೆ ಕೇಳಿ ಮೇಡಂಗೆ ಕಾಗದ ಬಂತು. ತಪ್ಪಾಯಿತು ಎಂದು ಒಂದು ಸಾಲು ಬರೆದರೆ ಸಾಕು, ನಾನು ಸರಿ ಮಾಡ್ತೀನಿ ಎಂದು ಕಾರ್ಯದರ್ಶಿಗಳೇ ಬಂದು ಹೇಳಿ ಹೋದರು. ಮೇಡಂ ಇಡೀ ಒಂದು ಪುಟ ಬರೆದರು. ನಡೆದದ್ದನ್ನು ನಡೆದಂತೆ, ಪ್ರೂಫು ನೋಡಿದ್ದು ತಾನು ಎಂದು ಬರೆದಿದ್ದರು. ಅದೊಂದು ಮಾತ್ರ ಸುಳ್ಳು. ನನಗಾಗಿ ಹೇಳಿದ್ದು, ನಾನು ಬೇಡ ಅನ್ನಲಿಲ್ಲ. ಕೊನೆಗೆ ರೂಢಿಯಂತೆ 'ಕ್ಷಮೆ ಕೋರುವ, ಇಂತಿ ತಮ್ಮ ವಿಧೇಯಳು' ಎಂದು ಬರೆದು, ಸಹಿಯನ್ನು ಮಾತ್ರ ಎಡಗಡೆ ಮೇಲೆ ಹಾಕಿದರು. ಆಮೇಲೆ ಹಾಳೆಯ ಬುಡ ಮಡಿಸಿ, ಉಗುರು ಎಳೆದು, ಹರಿದರು. ಮಿಕ್ಕದ್ದನ್ನು ಲಕೋಟೆಗೆ ಹಾಕಿ ನನ್ನ ಕೈಗೇ ಕೊಟ್ಟರು.

"ತಗೊಂಡ್ಹೋಗಿ ಕೊಡಿ ಮೇಷ್ಟ್ರೇ. ಈ ಸಲ ಯಾರಾದ್ರೂ ಏನ್ಮಾಡ್ಲಿ ಅಂತ ಕೇಳಿದ್ರೆ, ಹಾಗೇ ಬಿಡಿ ಅನ್ನಿ."

ಮಾರ್ಚಿಗೆ ಅವರ ಆರ್ಡರು ಮುಗಿಯಿತು. ಮುಂದುವರಿಸುವ ಕಾಗದ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಕೊಡೆ ತೆಗೆದುಕೊಂಡು ಅತ್ತಿಗುಪ್ಪೆಯ ಕಡೆ ಇನ್ನೊಂದು ಶಾಲೆಗೆ ಹೋದರು, ಅಲ್ಲಿಂದಲೂ ಎರಡು ವರ್ಷಕ್ಕೆ ಬಿಡಿಸಿದರಂತೆ. ಆಮೇಲೆ ವಿಜಯನಗರದ ಬಾಡಿಗೆ ಮನೆಯ ಮುಂದಿನ ಜಗಲಿಯಲ್ಲಿ ಶನಿವಾರ ಶನಿವಾರ ಮಕ್ಕಳಿಗೆ ಬರೆಸುತ್ತಿದ್ದರು ಎಂದು ಕೇಳಿದೆ. ಒಂದು ಸಲವೂ ಹೋಗಿ ನೋಡಲಿಲ್ಲ.

ಸಭೆ ಮುಗಿದ ಮೇಲೆ ಹಾಲಿನ ಹೊರಗೆ ಕಾಫಿ ಕೊಡುತ್ತಿದ್ದರು. ನರೆಗೂದಲಿನ ಇಬ್ಬರು ಹೆಂಗಸರು ಬಂದು, ಲೆಕ್ಕದ ಮೇಷ್ಟ್ರಲ್ವಾ ಸಾರ್ ಅಂದರು. ಸರೋಜ, ಲೀಲಾ. ನನ್ನ ಕೈಯಲ್ಲಿದ್ದ ಗಿಡ್ಡ ಪುಸ್ತಿಕೆಯನ್ನು ನೋಡಿ ಸರೋಜ ಸುಮ್ಮನೆ ಅದರ ಕತ್ತರಿಸಿದ ಅಂಚಿನ ಮೇಲೆ ಬೆರಳೆಳೆದರು. ಆ ಶನಿವಾರ ಸಂಜೆ ಮೇಡಂ ನಿಮ್ಮ ಮನೆಗೆ ಬಂದು ಏನು ಹೇಳಿದರು ಎಂದು ಆಗ ಕೇಳಿದೆ. ಇಷ್ಟು ವರ್ಷ ಅದು ನನಗೆ ಗೊತ್ತಿರಲಿಲ್ಲ.

ಹೇಳಿದ್ದು ಸರೋಜ. ಮಿಸ್ಸು ಮೊದಲು ಅಪ್ಪನ ಹತ್ತಿರ ಮಾತಾಡಿದರು. ಅಪ್ಪ, ನನ್ನ ಕೈಲಾಗಲ್ಲ ಮೇಡಂ, ನೀವೇ ಹೇಳಿ ಅಂದರು. ಆಮೇಲೆ ಮಿಸ್ಸು ಅಕ್ಕ ತಂಗಿಯರ ಜೊತೆ ಬಸ್ ಸ್ಟಾಪಿನಲ್ಲಿ ನಿಂತರು. ಮಾಗಡಿ ಬಸ್ಸು ಬಂತು. ಇಳಿದವರನ್ನೆಲ್ಲ ಲೀಲಾ ನೋಡಿದಳು. ಬಸ್ಸು ಹೋದ ಮೇಲೆ ಮಿಸ್ಸು ಅವಳ ಎತ್ತರಕ್ಕೆ ಕೂತು, ನಿಮ್ಮಮ್ಮ ಸತ್ತುಹೋಗಿದಾರೆ, ಆ ಬಸ್ಸಲ್ಲೂ ಬರಲ್ಲ, ಯಾವ ಬಸ್ಸಲ್ಲೂ ಬರಲ್ಲ, ಪುಸ್ತಕದಲ್ಲಿ ತಪ್ಪು ಬರೆದಿದ್ದೀವಿ ಅಂದರು. ಲೀಲಾ ಕೇಳಿಸಿಕೊಂಡು, ಇನ್ನೊಂದು ಬಸ್ ನೋಡೋಣ ಅಂದಳು. ಸರಿ ನೋಡೋಣ ಅಂದರಂತೆ ಮಿಸ್ಸು.

ಎಷ್ಟು ಬಸ್ಸು ಬಂದವು ಎಂದು ಕೇಳಿದೆ. ಮೂರು ಅಂದರು ಸರೋಜ. ಐದಾರು ಇತ್ತು ಕಣೇ ಅಂದರು ಲೀಲಾ. ಇಬ್ಬರೂ ಸ್ವಲ್ಪ ಹೊತ್ತು ಅದರ ಮೇಲೆ ಜಗಳವಾಡಿದರು.

"ಕೊನೆಗೆ ಮನೆಗೆ ಹೋಗೋಣ ಅಂದ್ರಾ ಮೇಡಂ?"

"ಅವರು ಅನ್ನಲಿಲ್ಲ ಸಾರ್," ಅಂದರು ಲೀಲಾ. "ನಿಂತೇ ಇದ್ರು. ಹೋಗೋಣ ಅಂದಿದ್ದು ನಾನು."